ಮದುವೆ ನಡೆಸಿಕೊಡುವವರು ಮೊದಲು ಅಜ್ಜಿಯ ಮಾತು ಕೇಳಲಿ

ಆಸ್ಟ್ರೇಲಿಯಾದಲ್ಲಿ ಶಾಲೆಗಳಿಗೆ ದೊಡ್ಡ ರಜೆ ಬರುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಧನುರ್ಮಾಸ ಹಿಡಿದಿರುತ್ತದೆ. ಮುಹೂರ್ತವಿಲ್ಲ ಎಂದು ಪುರೋಹಿತರು ಒಪ್ಪುವುದಿಲ್ಲ. ಸಂಕ್ರಾಂತಿ ಕಳೆಯಲಿ ಎಂದು ಕಾದರೆ ರಜೆಯೇ ಮುಗಿಯುತ್ತ ಬರುತ್ತದೆ. ಹೀಗಾಗಿ ನಮ್ಮ ಸಂಘದ ಅನೇಕ ಮನೆಗಳಲ್ಲಿ ಈಗ ಒಂದೇ ಏರ್ಪಾಡು: ಕಾನೂನಿನ ಮದುವೆ ಇಲ್ಲಿ ಆಸ್ಟ್ರೇಲಿಯಾದಲ್ಲಿ, ಸೆಲೆಬ್ರೆಂಟ್ (ಮದುವೆ ನಡೆಸಲು ಕಾನೂನಿನ ಅಧಿಕಾರ ಪಡೆದವರು) ಸಮ್ಮುಖದಲ್ಲಿ, ಬಂಧುಬಳಗದ ಸಮಾರಂಭ ಊರಿನಲ್ಲಿ, ಅನುಕೂಲವಾದಾಗ. ಹಾಲ್, ಊಟ, ಫೋಟೊ ಎಂದು ತಿಂಗಳುಗಟ್ಟಲೆ ಓಡಾಡುವವರೇ ಮದುವೆ ನಡೆಸಿಕೊಡುವವರನ್ನು ಮಾತ್ರ ದರ ವಿಚಾರಿಸಿ, ತಾರೀಖು ಖಾಲಿಯಿದೆಯೇ ಎಂದು ಕೇಳಿ ಗೊತ್ತುಮಾಡಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕಾನೂನು ಕೇಳುವುದು ಬಹಳ ಕಡಿಮೆ. 1973ರಲ್ಲಿ ಅಟಾರ್ನಿ ಜನರಲ್ ಲಯೊನೆಲ್ ಮರ್ಫಿ ಅವರು ಚರ್ಚು, ನೋಂದಣಿ ಕಚೇರಿಗಳ ಆಚೆಗೆ ಸಾಮಾನ್ಯ ನಾಗರಿಕರಿಗೂ ಮದುವೆ ನಡೆಸುವ ಅಧಿಕಾರ ದೊರಕಿಸಿದರು. ಇಂದು ಇಲ್ಲಿನ ಐದು ಮದುವೆಗಳಲ್ಲಿ ಸುಮಾರು ನಾಲ್ಕನ್ನು ಇಂಥವರೇ ನಡೆಸುತ್ತಾರೆ. ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲು ಸೆಲೆಬ್ರೆಂಟ್ ಕೈಗೆ ನೋಟಿಸ್ ಕೊಡಬೇಕು. ಅದು 18 ತಿಂಗಳಿಗಿಂತ ಹಳೆಯದಾಗಿರಬಾರದು. 18 ವರ್ಷ ತುಂಬಿದ ಇಬ್ಬರು ಸಾಕ್ಷಿಗಳು, ಸೆಲೆಬ್ರೆಂಟ್ ಹೇಳಲೇಬೇಕಾದ ಕೆಲವು ವಾಕ್ಯಗಳು, ವಧೂವರರು ಪರಸ್ಪರ ಹೇಳಲೇಬೇಕಾದ ಒಂದು ವಾಕ್ಯ, ಸಹಿ. ಉಳಿದ ಹೊತ್ತು ಪೂರ್ತಿ ನಿಮ್ಮದು.

ಇತ್ತೀಚೆಗೆ ನಮ್ಮವರದೇ ಒಂದು ಮದುವೆಯ ಸೆಲೆಬ್ರೆಂಟ್, ಧಾರವಾಡದ ಮಾಳಮಡ್ಡಿಯಲ್ಲಿರುವ ವಧುವಿನ ಅಜ್ಜಿಯೊಡನೆ ವಿಡಿಯೊ ಕರೆಯಲ್ಲಿ ಮಾತನಾಡಿದರು. ಮೊಮ್ಮಗಳೇ ದುಭಾಷಿ. ನಿಮ್ಮ ಮದುವೆಯಲ್ಲಿ ಇನ್ನೂ ಕಣ್ಣಿಗೆ ಕಟ್ಟಿದಂತಿರುವುದು ಯಾವುದು ಎಂದು ಕೇಳಿದಾಗ ಅಜ್ಜಿ ಸುರಗಿ ಎಂಬ ಮದುವೆಯ ಶಾಸ್ತ್ರದ ವಿಷಯ ಹೇಳಿದರು: ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ಹಸಿನೂಲು, ನಡುವೆ ಅರಿಷಿಣ ಮೆತ್ತಿಕೊಂಡ ಮದುಮಕ್ಕಳು, ಸೋಬಾನೆಯ ಹಾಡು. ನೂಲು ಸುತ್ತುವವರು ಯಾರು, ಎಷ್ಟು ಸುತ್ತು ಎಂದೂ ಕೇಳಿ ಸೆಲೆಬ್ರೆಂಟ್ ಬರೆದುಕೊಂಡರು. ಮದುವೆಯ ದಿನ ಪಾರ್ಕಿನ ಹುಲ್ಲಿನ ಮೇಲೆ ನಾಲ್ಕು ಹಿತ್ತಾಳೆ ತಂಬಿಗೆಗಳಿದ್ದವು. ಬೀಗಿತ್ತಿಯರಿಬ್ಬರೂ ಸೇರಿ ನೂಲು ಸುತ್ತಿದರು. ಅದರೊಳಗೆ ನಿಂತೇ ವಧೂವರರು ಕಾನೂನಿನ ವಾಕ್ಯ ಹೇಳಿದರು. ಆಮೇಲೆ ಜೋಳದ ಅಕ್ಷತೆ ಬಿತ್ತು.

ಮೊದಲ ಭೇಟಿಯಲ್ಲಿ ನಾನು ಗಮನಿಸುವುದು ಇದನ್ನೇ: ಸೆಲೆಬ್ರೆಂಟ್ ತಾವೇ ಮಾತನಾಡುತ್ತಾರೋ, ನಿಮ್ಮನ್ನು ಕೇಳುತ್ತಾರೋ? ಕರಡನ್ನು ಮೊದಲೇ ಓದಲು ಕೊಡುತ್ತಾರೆಯೇ? ಚೆನ್ನಬಸಮ್ಮ ಎಂಬ ಹೆಸರನ್ನು ತಪ್ಪಿಲ್ಲದೆ ಹೇಳಲು ಕಲಿಯುತ್ತಾರೆಯೇ? ವಧೂವರರಲ್ಲಿ ಒಬ್ಬರಿಗೆ ಇಂಗ್ಲಿಷ್ ಸಾಲದಿದ್ದರೆ ದುಭಾಷಿಯನ್ನು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಗೊಣಗುವವರು ನಿಮಗೆ ಬೇಡ.

ಇದೆಲ್ಲ ಪರದೇಶದ ರೂಢಿ ಎಂದು ಕೆಲವು ಹಿರಿಯರು ಬೇಸರಪಡುತ್ತಾರೆ. ನಾನು ಒಪ್ಪುವುದಿಲ್ಲ. 1966ರಲ್ಲೇ ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದ ಸರಳ ಮಂತ್ರಮಾಂಗಲ್ಯದ ಪದ್ಧತಿಯಲ್ಲಿ ನಡೆಸಿದ್ದರು. ಧಾರವಾಡ, ಗದಗಿನ ಕಡೆ ಮುಹೂರ್ತ ನೋಡದೆ, ವಚನ ಓದಿ ಆಗುವ ಮದುವೆಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಕಾನೂನಿನ ಕೆಲಸ ಇಲ್ಲಿ ಮುಗಿದಿದ್ದರೆ ಊರಿನ ಸಮಾರಂಭವನ್ನು ಮನೆತನ ಬಲ್ಲ ನಿವೃತ್ತ ಮಾಸ್ತರರೋ, ವಚನ ಚೆನ್ನಾಗಿ ಓದುವ ಸೋದರತ್ತೆಯೋ ನಡೆಸಿಕೊಡಬಹುದು. ಅವರನ್ನೂ ಅಷ್ಟೇ ಕಾಳಜಿಯಿಂದ ಆರಿಸಿ.

ಯಾವುದು ಮೊದಲು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಧಾರವಾಡದಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿ ಬಂದವರಿಗೆ ಇಲ್ಲಿನ ಸೆಲೆಬ್ರೆಂಟ್ ಮತ್ತೊಮ್ಮೆ ಕಾನೂನಿನ ಮದುವೆ ಮಾಡಿಸುವಂತಿಲ್ಲ. ಇಲ್ಲಿ ಮೊದಲು ಆಗಿದ್ದರೆ, ಊರಿನ ಸಮಾರಂಭವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹೊಸ ಮದುವೆಯೆಂದು ಬರೆಸಬೇಡಿ. ಎರಡು ತಾರೀಖುಗಳು ವೀಸಾ ಕಾಗದಪತ್ರಗಳಲ್ಲಿ ಪೇಚಿಗೆ ಸಿಕ್ಕಿಸುತ್ತವೆ. ಮರುಮದುವೆಯಾಗುವವರು ಹಿಂದಿನ ವಿಚ್ಛೇದನದ ಅಥವಾ ಸಂಗಾತಿಯ ಮರಣದ ದಾಖಲೆ ತೋರಿಸಲೇಬೇಕು. ಊರಿನ ಕೋರ್ಟಿನಿಂದ ತೀರ್ಪಿನ ಪ್ರತಿ ತರಿಸಿ, ಅದು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಲು ದಿನಗಳು ಹಿಡಿಯುತ್ತವೆ. ಅಂಥವರು ಹಾಲ್ ಗೊತ್ತುಮಾಡುವ ಮುಂಚೆಯೇ ಆ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.