ಅರಸಾಳಿನ ಹಳೇ ಸ್ಟೇಷನ್ನು

ಚಿರಂಜೀವಿ ಸುರೇಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ. ನೀನು ಸ್ಟೇಷನ್ ಮಾಸ್ಟರಾಗಿರುವ ಸ್ಟೇಷನ್ ಬಗ್ಗೆ ಬರೆದ ಕಾಗದದ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. 'ಈ ಸ್ಟೇಷನ್ ಮುಚ್ಚಿದರೆ ನಾನು ಕಲಿತದ್ದೆಲ್ಲ ಮಣ್ಣಾಗುತ್ತದಾ ದೊಡ್ಡಪ್ಪ' ಅಂತ ಕೇಳಿದ್ದೀಯ.

ಇದೇ ಭಯವನ್ನು ಅರಸಾಳಿನಲ್ಲೂ ಕಂಡಿದ್ದೇನೆ. ಶಿವಮೊಗ್ಗದ ಕಡೆಯಿಂದ ಹೊರಟ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿಯ ರೈಲುದಾರಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತ್ತು. ಜೋಗ ನೋಡಲು ಹೋಗುವವರು ಅಲ್ಲೇ ಇಳಿಯುತ್ತಿದ್ದರು. ಅರಸಾಳು ದಾರಿಯಲ್ಲಿ ಸಿಗುವ, ಕಾಡಿನ ಪಕ್ಕದ ಸಣ್ಣ ಸ್ಟೇಷನ್. ಬಸ್ಸು ಜಾಸ್ತಿಯಾದ ಹಾಗೆ ರೈಲಿಗೆ ಜನ ಕಮ್ಮಿಯಾದರು. ಕೊನೆಕೊನೆಗೆ ಓಡುತ್ತಿದ್ದದ್ದು ಹಳಿ ಮೇಲೆ ಓಡುವ ಬಸ್ಸಿನಂಥ ರೈಲ್‌ಬಸ್. ಅಗಲ ಹಳಿಯ ಬ್ರಾಡ್ ಗೇಜ್ ಕೆಲಸ ಶುರುವಾದಾಗ ಅದೂ ನಿಂತಿತು. 2011ರಲ್ಲಿ ತಾಳಗುಪ್ಪಕ್ಕೆ ಮತ್ತೆ ರೈಲು ಬಂತು, ಅರಸಾಳಿಗೆ ಹೊಸ ಕಟ್ಟಡವೂ ಆಯಿತು. ಹಳೆಯದು ಹಾಳುಬಿತ್ತು.

ರೈಲ್‌ಬಸ್ಸಿನ ಕೊನೆಯ ದಿನ ನನಗೆ ದೂರದಲ್ಲಿ ಡ್ಯೂಟಿ, ರಜೆ ಸಿಗಲಿಲ್ಲ. ಅಲ್ಲಿ ಹಳಿ ಬದಲಾಯಿಸುವ ಕೆಲಸದಲ್ಲಿದ್ದ ಹಳೇ ಪಾಯಿಂಟ್ಸ್‌ಮನ್ ಪಕ್ಕ ಸ್ವಲ್ಪ ಹೊತ್ತು ಕೂತು ಬರಬೇಕಿತ್ತು. ಆಮೇಲೆ ಅವರು ಸಿಗಲೇ ಇಲ್ಲ. ಈಗಲೂ ಮನಸ್ಸು ಕೊರೆಯುತ್ತದೆ.

ಕಲಿತದ್ದು ಮಣ್ಣಾಗುತ್ತದಾ? ನಮ್ಮ ಕಾಲದ ಸಿಂಗಲ್ ಲೈನಿನಲ್ಲಿ ಮುಂದಿನ ಸ್ಟೇಷನ್ನಿನವರೆಗೆ ಒಂದೇ ರೈಲು ಹೋಗುವಂತೆ ನೋಡಿಕೊಳ್ಳುವ ನೀಲ್ಸ್ ಟೋಕನ್ ಪೆಟ್ಟಿಗೆ ಇತ್ತು. ಮುಂದಿನ ಸ್ಟೇಷನ್ನಿನವರು ಒಪ್ಪದೆ ಅದರಿಂದ ಟೋಕನ್ನಿನ ಗುಂಡು ಬೀಳುತ್ತಿರಲಿಲ್ಲ. ಒಂದು ಹೊರಗಿದ್ದರೆ ಇನ್ನೊಂದು ಬರದು. ಗುಂಡನ್ನು ದೊಡ್ಡ ಬಳೆಗೆ ಕಟ್ಟಿದ ಚೀಲಕ್ಕೆ ಹಾಕಿ, ಬಳೆ ಹಿಡಿದು ಡ್ರೈವರಿಗೆ ಕೊಡುತ್ತಿದ್ದೆವು. ಆ ಪೆಟ್ಟಿಗೆ ತೆಗೆದುಕೊಂಡು ಹೋದಾಗ ಕೈ ಮುರಿದ ಹಾಗಾಗಿತ್ತು. ಆದರೆ ಗುಂಡಿ ಒತ್ತಿ ಸಿಗ್ನಲ್ ಕೊಡುವ ಪ್ಯಾನೆಲ್ ಮುಂದೆ ಕೂತಾಗಲೂ ಕೇಳಿಕೊಳ್ಳಬೇಕಾದದ್ದು ಅದನ್ನೇ: ಮುಂದೆ ಲೈನ್ ಖಾಲಿ ಇದೆಯಾ? ಗೇಟು ಮುಚ್ಚಿದೆ ಅನ್ನುವುದಕ್ಕೆ ಗುರುತಾಗಿ ಗೇಟಿನವರಿಂದ ಪ್ರೈವೇಟ್ ನಂಬರ್ ಕೇಳಿ ಬರೆದುಕೊಳ್ಳುವುದು ನಮಗೂ ಇತ್ತು, ನಿನಗೂ ಇದೆ ಅಲ್ವಾ? ಆ ಎಚ್ಚರ ಯಾವ ಕಟ್ಟಡದ ಜೊತೆಗೂ ಮುಚ್ಚಿಹೋಗುವುದಿಲ್ಲ ಮಗಾ.

ಅರಸಾಳಿನ ಹಳೇ ಕಟ್ಟಡಕ್ಕೆ ಆಮೇಲೆ ಒಳ್ಳೆಯ ದಿನ ಬಂತು. ಶಂಕರ್ ನಾಗ್ ಅಲ್ಲಿ ಮಾಲ್ಗುಡಿ ಧಾರಾವಾಹಿಯ ಶೂಟಿಂಗ್ ಮಾಡಿದ್ದರಲ್ಲ, ಆ ನೆನಪಿಗೆ 2020ರಲ್ಲಿ ಅದನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದರು. ನನಗೆ ತುಂಬಾ ಖುಷಿಯಾಯಿತು. ಆದರೆ ಎಲ್ಲ ಸ್ಟೇಷನ್ನಿಗೂ ಶಂಕರ್ ನಾಗ್ ಬಂದಿರುವುದಿಲ್ಲ. ನಿನ್ನದು ಉಳಿದೇ ಉಳಿಯುತ್ತದೆ ಅಂತ ಸುಮ್ನೆ ಸಮಾಧಾನ ಹೇಳಲಾರೆ.

ನನಗೆ ಈಗಿನ ನಿಯಮ ಅಷ್ಟು ಗೊತ್ತಿಲ್ಲ, ಆದರೂ ಹೇಳುತ್ತೇನೆ. ರಿಫ್ರೆಷರ್ ಕೋರ್ಸಿಗೆ ಕರೆದರೆ ಹೋಗಿ ಬಾ. ದೊಡ್ಡ ಜಂಕ್ಷನ್ನಿಗೆ ಟ್ರಾನ್ಸ್‌ಫರ್ ಕೇಳಿ ನೋಡು, ಕೇಳುವುದರಲ್ಲಿ ತಪ್ಪೇನಿದೆ? ನಿನ್ನ ಸ್ಟೇಷನ್ನಿನ ಹಳಬರು ಹೇಳುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೋ. ಇದು ನನ್ನ ಆಸೆ ಅಷ್ಟೇ, ಬೇಡ ಅನ್ನಿಸಿದರೆ ಬಿಡು.

ಒಂದು ವಿಷಯ ನೀನು ಬರೆದೇ ಇಲ್ಲ. ಮುಚ್ಚುವ ಆರ್ಡರ್ ಕೈಗೆ ಬಂದಿದೆಯಾ, ಅಥವಾ ಬರೀ ಬಾಯಿಮಾತಾ? ಬಂದಿದ್ದರೆ ಕಾಗದಕ್ಕೆ ಕಾಯಬೇಡ, ರಾತ್ರಿಯಾದರೂ ಸರಿ ಫೋನ್ ಮಾಡು.

ನಿನ್ನ ದೊಡ್ಡಪ್ಪ