ಮಗಳಿಗೊಂದು ಪತ್ರ: ಹಸಿರು ಪರದೆ

ಮಂಡಿ ಮೊಹಲ್ಲಾ, ಮೈಸೂರು

ಪ್ರೀತಿಯ ಪುಟ್ಟಿ,

ನೀನು ನರ್ಸಿಂಗ್ ಕಲಿಯುತ್ತಿರುವ ವಾರ್ಡಿನ ಪರದೆ ಹರಿದು ಒಂದು ಕಡೆ ಜೋತುಬಿದ್ದಿದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ಅದೇ ಯೋಚನೆ ಕಣಮ್ಮ. ನಿಮ್ಮಜ್ಜಿ ನೆನಪಾದರು.

ಅಜ್ಜಿಗೆ ನಾಲ್ಕನೇ ಹೆರಿಗೆ ಆದಮೇಲೆ ಗರ್ಭಕೋಶ ಜಾರಿತ್ತು. ಎಷ್ಟೋ ವರ್ಷ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಹಳೇ ಸೀರೆ ಚೂರು ಬಿಗಿದುಕೊಂಡೇ ನೀರು ಸೇದಿದರು, ಗದ್ದೆಗಿಳಿದು ನಾಟಿ ಹಾಕಿದರು. ಗಂಡಸು ಡಾಕ್ಟರ ಮುಂದೆ ಮಲಗಲಾರೆ ಅನ್ನೋದೊಂದೇ ಕಾರಣ. ಕೊನೆಗೆ ಪಕ್ಕದ ಮನೆಯಾಕೆ ಬಲವಂತ ಮಾಡಿ ನಮ್ಮ ಮಿಷನ್ ಆಸ್ಪತ್ರೆಗೆ ಕರಕೊಂಡು ಬಂದರು. ನಾನಿನ್ನೂ ಚಿಕ್ಕವಳು, ಸೆರಗು ಹಿಡಿದು ನಿಂತಿದ್ದೆ. ಲೇಡಿ ಡಾಕ್ಟರು ಮೊದಲು ಕಿಟಕಿ ಹಾಕಿಸಿದರು. ಪರದೆ ಎಳೆದು, ಗಾಳಿಗೆ ಹಾರದ ಹಾಗೆ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿದರು. ಆಮೇಲೆ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, "ಈಗ ಹೇಳಿ ತಾಯಿ, ಯಾರೂ ಇಲ್ಲ" ಅಂದರು. ಅಜ್ಜಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಆಸ್ಪತ್ರೆ ಹುಟ್ಟಿದ್ದೇ ಇಂಥ ಜೀವಗಳಿಗಾಗಿ ಕಣೇ. 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ಹೆಂಗಸರಿಗೆ, ಮಕ್ಕಳಿಗೆ ಅಂತಲೇ ಅದನ್ನು ತೆರೆದರು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅನ್ನೋ ಹೆಣ್ಣುಮಗಳ ನೆನಪಿಗೆ ಕಟ್ಟಿದ್ದು. ಬೋರ್ಡಿನಲ್ಲಿ ಆಕೆಯ ಹೆಸರಿದ್ದರೂ ನಮ್ಮ ಜನಕ್ಕೆ ಅದು ಮಿಷನ್ ಆಸ್ಪತ್ರೆಯೇ. ಆಗ ಮೈಸೂರು ಸಂಸ್ಥಾನದಲ್ಲಿ ಮೆಡಿಕಲ್ ಕಾಲೇಜೇ ಇರಲಿಲ್ಲ. ಅದು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1930ರಲ್ಲಿ ನಮ್ಮೂರಿಗೆ ಬಂತು. ಘೋಷಾದ ಮನೆಯಾಗಲಿ, ಮಡಿಯ ಮನೆಯಾಗಲಿ, ಹೆಂಗಸಿನ ನಾಡಿಯನ್ನು ಪರಗಂಡಸು ಹಿಡಿಯುವ ಹಾಗಿರಲಿಲ್ಲ. ಸೂಲಗಿತ್ತಿಯ ಕೈಮೀರಿದರೆ ಎಷ್ಟೋ ಮನೆಗಳಲ್ಲಿ ಬಾಣಂತಿಯ ಆಸೆ ಬಿಟ್ಟ ಹಾಗೆಯೇ. 1947ರಲ್ಲಿ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯಾದಾಗ ಆಸ್ಪತ್ರೆಯೂ ಅದರ ಕೈಗೆ ಬಂತು. ಈಗ ಗಂಡಸರಿಗೂ ಅಲ್ಲಿ ಚಿಕಿತ್ಸೆ ಇದೆ, ನಿನ್ನ ಹಾಗೆ ನರ್ಸಿಂಗ್ ಓದುವ ಮಕ್ಕಳೂ ಇದ್ದಾರೆ.

ನೀನು ಹೊಟ್ಟೆಯಲ್ಲಿದ್ದಾಗ ನಾನು ಹೋಗಿದ್ದು ಬೇರೆ ಕಡೆ. ಬಾಗಿಲು ಹಾರುಹೊಡೆದಿತ್ತು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. "ಏನಮ್ಮ, ಬೇಗ ಹೇಳು" ಅಂದರು ಅಲ್ಲಿನ ಡಾಕ್ಟರು. ರಕ್ತ ಕಾಣಿಸಿಕೊಂಡಿದ್ದನ್ನು ಹೇಳದೆಯೇ ಎದ್ದು ಬಂದುಬಿಟ್ಟೆ. ಎರಡು ದಿನ ಬಿಟ್ಟು ಇಬ್ಬರ ಪ್ರಾಣಕ್ಕೂ ಬಂತು. ಅಲ್ಲಿ ಔಷಧಿಗೇನೂ ಕೊರತೆ ಇರಲಿಲ್ಲ ಪುಟ್ಟಿ. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ನಿನ್ನೆ ದೊಡ್ಡ ಗಡಿಯಾರದ ಹತ್ತಿರ ಹೋಗಿ ಹಸಿರು ಬಟ್ಟೆ ತಂದು ಹೊಲಿದಿದ್ದೀನಿ. ಬೆಳಕಿಗೆ ಹಿಡಿದು ನೋಡಿದೆ, ನೆರಳೂ ಕಾಣಲ್ಲ. ಮೇಲುಗಡೆ ಕಂಬಿ ತೂರಿಸೋಕೆ ಜಾಗ ಬಿಟ್ಟು ಮಡಿಸಿ ಹೊಲಿದಿದ್ದೀನಿ. ನೆಲಕ್ಕೆ ತಾಗಿಸಬೇಡ, ಒರೆಸುವಾಗ ಒದ್ದೆಯಾಗುತ್ತೆ. ನಿಮ್ಮ ಇನ್‌ಚಾರ್ಜ್ ಸಿಸ್ಟರನ್ನು ಒಂದು ಮಾತು ಕೇಳಿಯೇ ಹಾಕು. ಬಾಗಿಲಿಗೆ ನೇರವಾಗಿ ಒಂದು ಮಂಚ ಇದೆ ಅಂದೆಯಲ್ಲ, ಮೊದಲು ಅದಕ್ಕೆ.

ನಿನ್ನ
ಅಮ್ಮ