ಊಜಿ ಹುಳುವಿಗೆ ಬದು ಗೊತ್ತಿಲ್ಲ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರೇ,

ನಮಸ್ಕಾರ. ನಾನು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಟೊಮೆಟೊ ಬೆಳೆಗಾರ. ಎರಡು ಎಕರೆ, ಒಂದು ಬೋರ್‌ವೆಲ್. ಸಮಗ್ರ ಕೀಟ ನಿರ್ವಹಣೆ ಮಾಡಿ, ಅಂದರೆ ಬಲೆ, ಚೆಂಡು ಹೂವಿನಂಥ ಉಪಾಯಗಳಿಂದಲೂ ಹುಳು ತಡೆದು ಔಷಧಿ ಕಡಿಮೆ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಮಾತು ಸರಿ. ಔಷಧಿ ಹೊಡೆಯುವವನೂ ನಾನೇ, ಸಂಜೆ ಕಣ್ಣುರಿ, ತಲೆನೋವು ಅಂತ ಮಲಗುವವನೂ ನಾನೇ. ಆದ್ದರಿಂದ ನನ್ನನ್ನು ಯಾರೂ ಒಪ್ಪಿಸಬೇಕಾಗಿಲ್ಲ. ಆದರೂ ಯಾಕೆ ಆಗುತ್ತಿಲ್ಲ ಅನ್ನುವುದನ್ನು ತಮಗೆ ಹೇಳಬೇಕು.

ಹೋದ ವರ್ಷ ಹೇಳಿಕೊಟ್ಟ ಹಾಗೇ ಮಾಡಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಸಲಹೆಯಂತೆ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಚೆಂಡು ಹೂವಿನ ಸಸಿಗೆ 45 ದಿನ. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಕಾಯಿಕೊರಕದ ಚಿಟ್ಟೆ ಚೆಂಡು ಹೂವಿನ ಕಡೆ ಹೋಗುತ್ತದೆ. ಅಷ್ಟು ಬಲಿತ ಸಸಿ ನರ್ಸರಿಯಲ್ಲಿ ಸಿಗಲಿಲ್ಲ, ಮನೆ ಹಿಂದೆ ನಾನೇ ಬೆಳೆಸಿಕೊಂಡೆ. ಕಾಯಿಕೊರಕ ನಿಜವಾಗಿಯೂ ತಗ್ಗಿತು.

ಸೋತಿದ್ದು ಊಜಿ ಮುಂದೆ. ನಾವು ಊಜಿ ಅನ್ನುವ ಈ ಎಲೆ ಕೊರೆಯುವ ಹುಳುವಿಗೆ ವಿಜ್ಞಾನಿಗಳು ಟುಟಾ ಅಬ್ಸಲ್ಯೂಟಾ ಅನ್ನುತ್ತಾರೆ. ದಕ್ಷಿಣ ಅಮೆರಿಕದ ಹುಳು, ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2014ರಲ್ಲಿ. ಎಲೆ ಕಿತ್ತು ಬಿಸಿಲಿಗೆ ಹಿಡಿದರೆ ಅದರ ಕೆಲಸ ಕಾಣುತ್ತದೆ. ಒಳಗಿನ ಹಸಿರೆಲ್ಲ ತಿಂದು, ಎಲೆ ಅಲ್ಲಲ್ಲಿ ತೆಳು ಕಾಗದದ ಹಾಗೆ ಬಿಳಿಚಿರುತ್ತದೆ. ಆ ಪೊರೆಯೊಳಗೆ ಕಪ್ಪು ಹಿಕ್ಕೆ, ಪಕ್ಕದಲ್ಲೇ ಅಕ್ಕಿ ಕಾಳಿನಷ್ಟು ಹಸಿರು ಹುಳು. ಒಳಗೆ ಕೂತಿರುವ ಅದಕ್ಕೆ ಮೇಲೆ ಹೊಡೆದ ಔಷಧಿ ಸರಿಯಾಗಿ ತಾಗುವುದೇ ಇಲ್ಲ. ಕಾಯಿಗೆ ಇಳಿದರೆ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ತೂತು. ಹರಾಜಿನಲ್ಲಿ ಆ ತೂತು ಕಂಡರೆ 15 ಕೆಜಿ ಬಾಕ್ಸಿನ ರೇಟು ಅಲ್ಲೇ ಬೀಳುತ್ತದೆ. ಔಷಧಿ ಎಷ್ಟು ಕಡಿಮೆ ಹೊಡೆದೆ ಅಂತ ಯಾರೂ ಕೇಳುವುದಿಲ್ಲ.

ಹೆಣ್ಣು ಚಿಟ್ಟೆಯ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಕಟ್ಟಿದೆ. ಬೆಳಗ್ಗೆ ಹೋದರೆ ತಟ್ಟೆಯ ನೀರಿನಲ್ಲಿ ಬೂದು ಬಣ್ಣದ ಚಿಟ್ಟೆಗಳು ತೇಲುತ್ತಿದ್ದವು. ಎಣಿಸಿ ಎಣಿಸಿ ಖುಷಿಪಟ್ಟೆ. ಆದರೆ ಬಲೆಗೆ ಬೀಳುವುದು ಗಂಡು ಮಾತ್ರ. ಪಕ್ಕದ ತೋಟದಲ್ಲಿ ಕೂಡಿ ಬರುವ ಹೆಣ್ಣಿಗೆ ನನ್ನ ಬಲೆ ಲೆಕ್ಕಕ್ಕಿಲ್ಲ. ಅಂಥ ಒಂದು ಹೆಣ್ಣು 260ರವರೆಗೆ ಮೊಟ್ಟೆ ಇಡುತ್ತದೆ.

ಪಕ್ಕದ ತೋಟ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಆಗ ರೇಟು ಬಿದ್ದಿತ್ತು. ಹಣ್ಣು ಕೀಳುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟುತ್ತಿರಲಿಲ್ಲ. ಪಕ್ಕದ ಅಣ್ಣ ಕೀಳುವುದನ್ನೇ ಬಿಟ್ಟರು. ಅವರನ್ನು ದೂರುವುದಿಲ್ಲ, ಹಿಂದೊಮ್ಮೆ ನಾನೂ ಹಾಗೇ ಬಿಟ್ಟಿದ್ದೇನೆ. ಕಡ್ಡಿ ಕಿತ್ತು, ದಾರ ಬಿಚ್ಚಿ, ಮಲ್ಚಿಂಗ್ ಶೀಟ್ ಎಳೆದು, ಗಿಡ ಕಿತ್ತು ಹೂಳಬೇಕು ಅಂದರೆ ಮತ್ತೆ ಆಳು, ಮತ್ತೆ ಕೂಲಿ. ಸೋತ ತೋಟಕ್ಕೆ ಇನ್ನೂ ದುಡ್ಡು ಹಾಕಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಆ ತೋಟ ಒಂದೂವರೆ ತಿಂಗಳು ಹಾಗೇ ನಿಂತಿತು. ಅಲ್ಲಿ ಹುಟ್ಟಿದ ಊಜಿಯೆಲ್ಲ ನನ್ನ ಎಳೆ ಗಿಡಗಳಿಗೆ ಬಂತು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದರು. ರೇಟು ಬಿದ್ದಾಗ ಹೀಗೆ ಬಿಟ್ಟ ತೋಟಗಳನ್ನು ನೋಡುವವರಿಲ್ಲ.

ಅಷ್ಟರಲ್ಲಿ ಬಲೆಯ ಲ್ಯೂರ್, ಅಂದರೆ ಚಿಟ್ಟೆ ಸೆಳೆಯುವ ವಾಸನೆಯ ತುಣುಕು, ಬದಲಾಯಿಸುವ ದಿನ ಬಂತು. ಮೂರು ಅಂಗಡಿ ತಿರುಗಿದೆ, ಸಿಗಲಿಲ್ಲ. ನಾಲ್ಕನೆಯದರಲ್ಲಿ ಔಷಧಿ ಸಿಕ್ಕಿತು, ಅದೂ ಸಾಲಕ್ಕೆ. ಹೊಡೆದೆ. ಮೂರು ದಿನಕ್ಕೊಮ್ಮೆ ಕೀಳುವ ಹಣ್ಣು, ಔಷಧಿ ಹೊಡೆದ ಮೇಲೆ ಕೀಳಲು ಡಬ್ಬದ ಮೇಲೆ ಬರೆದಷ್ಟು ದಿನ ಕಾಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮುಚ್ಚಿಟ್ಟರೆ ತಮಗೆ ಪತ್ರ ಬರೆದೂ ಪ್ರಯೋಜನವಿಲ್ಲ ಅಲ್ವಾ?

ಸರ್, ಹುಳು ಬದು ದಾಟಿ ಬರುವಾಗ ಒಬ್ಬ ರೈತನಿಗೆ ಬಲೆ, ಅಂಟು ಹಾಳೆ, ಗಿಡಕ್ಕೆ ಸಿಂಪಡಿಸುವ ಬೇವಿನ ಸೋಪು ಕೊಟ್ಟರೆ ಸಾಲದು. ಹಿಂದೆ ನಮ್ಮೂರ ಕೆರೆಗೆ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ ನೀರು ಅಂತ ಅವನೇ ನೋಡುತ್ತಿದ್ದ, ಊರೆಲ್ಲ ಅವನ ಮಾತು ಕೇಳುತ್ತಿತ್ತು. ಹುಳುವಿಗೂ ಅಂಥವರೊಬ್ಬರು ಬೇಕು. ಊರಿನ ಓದಿದ ಹುಡುಗನೋ ಹುಡುಗಿಯೋ ಆಗಲಿ. ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಕೊಡಿಸಿ, ತಿಂಗಳ ಸಂಬಳ ಕೊಡಿ. ವಾರಕ್ಕೊಮ್ಮೆ ಎಲ್ಲರ ಬಲೆ ನೋಡಿ, ಹೊಡೆಯಬೇಕೋ ಬೇಡವೋ ಅಂತ ಹೇಳಲಿ. ಈಗ ಅದನ್ನು ನಮಗೆ ಹೇಳುವುದು ಔಷಧಿ ಮಾರುವವರು.

ಅದಕ್ಕಿಂತ ಮೊದಲು ಬೇಕಾದದ್ದು ಬಿಟ್ಟ ತೋಟ ತೆಗೆಸಲು ಸಹಾಯ. ರೇಟು ಬಿದ್ದ ವಾರವೇ ಎಕರೆಗೆ ಇಷ್ಟು ಅಂತ ಕೂಲಿ ಹಣ ಕೊಟ್ಟರೆ ಯಾರೂ ಗಿಡ ನಿಲ್ಲಿಸುವುದಿಲ್ಲ. ಲ್ಯೂರ್‌ಗಳು ರೈತ ಸಂಪರ್ಕ ಕೇಂದ್ರದಲ್ಲಿ ಸದಾ ಸಿಗುವ ಹಾಗೆ ಮಾಡಿ.

ಮಾರ್ಚ್‌ನಲ್ಲಿ ನಮ್ಮ ಕಡೆ ಮತ್ತೆ ನಾಟಿ ಶುರುವಾಗುತ್ತದೆ. ಅದಕ್ಕೆ ಮೊದಲು ಒಂದು ಹೋಬಳಿಯಲ್ಲಾದರೂ ಇದನ್ನು ಮಾಡಿ ನೋಡಿ. ನಮ್ಮ ಹೋಬಳಿಯೇ ಆದರೆ ಪಕ್ಕದ ಅಣ್ಣನನ್ನು ಒಪ್ಪಿಸುವ ಕೆಲಸ ನನಗಿರಲಿ.

ಇಂತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಟೊಮೆಟೊ ಬೆಳೆಗಾರ